ಬರಕ್ಕೆ ಯಾವುದು, ಸವಳಿಗೆ ಯಾವುದು? ರಾಯಚೂರು, ಕೊಪ್ಪಳದ ಹೊಲಗಳಿಗೆ ತಾಳುವ ಬೆಳೆ ಆರಿಸುವ ಬಗೆ

ನಮ್ಮ ಕಡೆ ಎಲ್ಲ ಕಷ್ಟಕ್ಕೂ ತಾಳುವ ಗಿಡ ಯಾವುದೆಂದು ಕೇಳಿದರೆ ಉತ್ತರ ಒಂದೇ: ಬಳ್ಳಾರಿ ಜಾಲಿ. ಮಳೆ ಬರಲಿ ಬಿಡಲಿ, ನೆಲ ಉಪ್ಪುಗಟ್ಟಿ ಬೆಳ್ಳಗಾಗಲಿ, ಮೇ ತಿಂಗಳ ಬಿಸಿಲು 43 ಡಿಗ್ರಿ ಮುಟ್ಟಲಿ, ಅದು ಹಸಿರಾಗಿಯೇ ನಿಂತಿರುತ್ತದೆ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದು ಈ ನೆಲದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ತಂದು ನೆಟ್ಟದ್ದು. ಕುರಿ ಮೇಕೆಗಳು ಕಾಯಿ ತಿಂದು ಊರೂರಿಗೆ ಬೀಜ ಹಂಚಿದವು. ಅಷ್ಟು ಗಟ್ಟಿ ಗಿಡವನ್ನು ಹೊಲದಲ್ಲಿ ಯಾರೂ ಬಿತ್ತುವುದಿಲ್ಲ. ‘ತಾಳಿದವನು ಬಾಳಿಯಾನು’ ಎಂಬ ಗಾದೆ ಗಿಡಕ್ಕೆ ಪೂರ್ತಿ ಸರಿ, ಗಿಡ ಬೆಳೆಯುವವನಿಗೆ ಅರ್ಧ ಮಾತ್ರ. ಗಿಡ ತಾಳಿತು, ಕಾಳು ಕಟ್ಟಲಿಲ್ಲ ಎಂದರೆ ಬಿತ್ತಿದವನು ಬಾಳುವುದು ಹೇಗೆ?

ಬೀಜದ ಅಂಗಡಿಯಲ್ಲಿ ನಿಂತು ‘ಇದು ಬರ ತಾಳುತ್ತದೆಯೇ?’ ಎಂದು ಕೇಳಿ ನೋಡಿ. ತಾಳುವುದಿಲ್ಲ ಎಂದ ಅಂಗಡಿಯವನನ್ನು ನಾನು ಇನ್ನೂ ಕಂಡಿಲ್ಲ. ತಪ್ಪು ಅವನೊಬ್ಬನದೇ ಅಲ್ಲ, ಪ್ರಶ್ನೆಯೇ ಅರ್ಧ. ಯಾವ ಕಷ್ಟವನ್ನು, ಬೆಳೆಯ ಯಾವ ವಯಸ್ಸಿನಲ್ಲಿ, ಎಷ್ಟು ದಿನ ತಾಳುತ್ತದೆ, ತಾಳಿದ ಮೇಲೆ ಕಣಕ್ಕೆ ಏನು ತರುತ್ತದೆ ಎಂಬಷ್ಟನ್ನೂ ಕೇಳಬೇಕು.

ನನ್ನ ಲೆಕ್ಕವೆಲ್ಲ ಎರಡು ತುಂಡು ಹೊಲದ ಮೇಲೆ ನಿಂತದ್ದು. ಒಂದು ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿರುವ ಆರು ಎಕರೆ ಎರೆ, ಅಂದರೆ ಕಪ್ಪು ಮಣ್ಣು. ಇನ್ನೊಂದು ಕುಷ್ಟಗಿ ಕಡೆ, ಹೆಂಡತಿಯ ತವರಿನವರ ಹೊಲಕ್ಕೆ ಹೊಂದಿಕೊಂಡ ನಾಲ್ಕು ಎಕರೆ ಮಸಾರಿ, ಅಂದರೆ ಕೆಂಪು ಮಣ್ಣು. ಮೊದಲನೆಯದಕ್ಕೆ ನೀರು ಹೆಚ್ಚಾದರೂ ರೋಗ, ಕಡಿಮೆಯಾದರೂ ರೋಗ. ಎರಡನೆಯದಕ್ಕೆ ಮಳೆ ಬಿಟ್ಟರೆ ಬೇರೆ ದಿಕ್ಕಿಲ್ಲ. ಎರಡೂ ಕಡೆ ವರ್ಷದ ಮಳೆ ಸುಮಾರು 550ರಿಂದ 650 ಮಿಲಿಮೀಟರ್. ಆದರೂ ಒಂದರಲ್ಲಿ ಗೆದ್ದ ಬೆಳೆ ಇನ್ನೊಂದರಲ್ಲಿ ಸೋತಿದೆ. ದರದ ಮಾತನ್ನು ಇಲ್ಲಿ ಹೆಚ್ಚು ಆಡುವುದಿಲ್ಲ. ಅದು ವಾರಕ್ಕೊಮ್ಮೆ ತಿರುಗುತ್ತದೆ.

ಬೆಳೆಗಳ ಸ್ವಭಾವವನ್ನು ನಾನು ಹೀಗೆ ನೆನಪಿಟ್ಟುಕೊಂಡಿದ್ದೇನೆ. ನವಣೆ, ಹೆಸರುಕಾಳು ಓಡುವ ಜಾತಿ. ಬರ ಬಂದು ಬಾಗಿಲು ತಟ್ಟುವಷ್ಟರಲ್ಲಿ ಕಾಳು ಕಟ್ಟಿ ಮುಗಿಸಿರುತ್ತವೆ. ತೊಗರಿ, ಕುಸುಬೆ ಅಗೆಯುವ ಜಾತಿ. ಮೇಲಿನ ಮಣ್ಣು ಒಣಗಿದರೆ ಕೆಳಗಿನ ಹಸಿಗೆ ಬೇರು ಇಳಿಸುತ್ತವೆ. ಜೋಳ ಸುಮ್ಮನಾಗುವ ಜಾತಿ. ಎಲೆಯನ್ನು ಸುರುಳಿ ಮಾಡಿ, ಮೈಮೇಲಿನ ಮೇಣದ ಪದರದಡಿ ನೀರು ಉಳಿಸಿಕೊಂಡು, ಮಳೆ ಬಿದ್ದ ಮೇಲೆ ನಿಲ್ಲಿಸಿದಲ್ಲಿಂದ ಮುಂದುವರಿಯುತ್ತದೆ. ಹತ್ತಿಯದು ವ್ಯಾಪಾರಿ ಬುದ್ಧಿ. ಕಷ್ಟ ಬಂದಾಗ ಮೊಗ್ಗು, ಕಾಯಿ ಉದುರಿಸಿ ಹೊರೆ ಇಳಿಸಿಕೊಳ್ಳುತ್ತದೆ, ಕಾಲ ಒಳ್ಳೆಯದಾದರೆ ಮತ್ತೆ ಹೂ ಬಿಡುತ್ತದೆ.

ಮೊದಲು ಮಣ್ಣಿನ ಚೀಟಿ

2015ರಿಂದ ಹಂಚುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿರುತ್ತವೆ. ಬಹಳ ಜನ ಸಾರಜನಕ, ರಂಜಕ, ಪೊಟ್ಯಾಶ್ ನೋಡಿ ಮಡಚಿಡುತ್ತಾರೆ. ಬೆಳೆ ಆರಿಸುವವನಿಗೆ ಬೇಕಾದ ಅಂಕಿಗಳು ಬೇರೆ ಎರಡು: ರಸಸಾರ (ಪಿಎಚ್) ಮತ್ತು ಲವಣಾಂಶ, ಅಂದರೆ ಇ.ಸಿ.

ಸವಳು, ಅಂದರೆ ಉಪ್ಪುಗಟ್ಟಿದ ನೆಲ, ಬೇರೆ; ಕ್ಷಾರ ಬೇರೆ. ಸವಳು ನೆಲದಲ್ಲಿ ಬೇಸಿಗೆಗೆ ಬಿಳಿ ಪುಡಿ ಮೇಲೇಳುತ್ತದೆ, ಕಾಲಿಟ್ಟರೆ ಮಣ್ಣು ಹಿಟ್ಟಿನಂತೆ ಮೆತ್ತಗಿರುತ್ತದೆ, ರಸಸಾರ 8.5ರ ಒಳಗಿರುತ್ತದೆ. ಕ್ಷಾರ ನೆಲದಲ್ಲಿ ರಸಸಾರ 8.5 ದಾಟಿರುತ್ತದೆ, ಒಣಗಿದರೆ ಕಲ್ಲು, ನೆನೆದರೆ ಅಂಟು, ನಿಂತ ನೀರು ದಿನಗಟ್ಟಲೆ ತಿಳಿಯಾಗುವುದೇ ಇಲ್ಲ. ಮೊದಲನೆಯದಕ್ಕೆ ಮದ್ದು ಉಪ್ಪನ್ನು ತೊಳೆದು ಬಸಿಗಾಲುವೆಗೆ ಕಳಿಸುವುದು. ಎರಡನೆಯದಕ್ಕೆ ಜಿಪ್ಸಂ ಹಾಕಿ, ಮಣ್ಣಿಗೆ ಅಂಟಿದ ಸೋಡಿಯಂ ಬಿಡಿಸಿ, ಆಮೇಲೆ ತೊಳೆಯುವುದು. ಈ ವ್ಯತ್ಯಾಸ ನನಗೆ ಗೊತ್ತಾದದ್ದು ಹಣ ಕಳೆದುಕೊಂಡ ಮೇಲೆ. ಗೊಬ್ಬರದ ಅಂಗಡಿಯೊಂದರಲ್ಲಿ ಹೇಳಿದರೆಂದು ಎರಡು ಎಕರೆಗೆ ಜಿಪ್ಸಂ ಚೆಲ್ಲಿದೆ. ಆ ಮಣ್ಣಿನ ರಸಸಾರ 8.1. ಅದು ಸವಳು, ಕ್ಷಾರವಲ್ಲ. ಜಿಪ್ಸಂ ಬೆಳ್ಳಗೆ, ಉಪ್ಪೂ ಬೆಳ್ಳಗೆ, ಹೊಲ ಇನ್ನಷ್ಟು ಬೆಳ್ಳಗೆ ಕಂಡದ್ದಷ್ಟೇ ಲಾಭ.

ಇ.ಸಿ. ಓದುವಾಗ ಇನ್ನೊಂದು ತಿರುಗಣಿ ಇದೆ. ನಮ್ಮ ಪ್ರಯೋಗಾಲಯಗಳು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತವೆ. ಬೆಳೆಗಳ ತಾಳಿಕೆಯ ಪಟ್ಟಿಗಳು ಮಾತ್ರ, ಮಣ್ಣನ್ನು ಕೆಸರಾಗುವಷ್ಟೇ ನೆನೆಸಿ ಹಿಂಡಿದ ರಸದ ಲೆಕ್ಕದಲ್ಲಿರುತ್ತವೆ. ಎರೆ ಮಣ್ಣಿನಲ್ಲಿ ಈ ಎರಡನೆಯ ಅಂಕಿ ಮೊದಲನೆಯದರ ಎರಡರಿಂದ ಮೂರು ಪಟ್ಟು ಬರುತ್ತದೆ. ಚೀಟಿಯಲ್ಲಿ 2 ಎಂದಿದ್ದರೆ ‘ಪಟ್ಟಿಯಲ್ಲಿ ಭತ್ತ 3ರವರೆಗೆ ತಾಳುತ್ತದಲ್ಲ’ ಎಂದು ನಿಶ್ಚಿಂತೆಯಿಂದ ಕೂರಬೇಡಿ. ನಿಮ್ಮ ನಿಜವಾದ ಅಂಕಿ 5 ಇದ್ದೀತು. ಪರೀಕ್ಷೆ ಮಾಡಿದವರನ್ನು ಯಾವ ವಿಧಾನವೆಂದು ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಸವಳಿನಲ್ಲಿ: ಹತ್ತಿ, ಜೋಳ, ಭತ್ತ

1977ರಲ್ಲಿ ಮಾಸ್ ಮತ್ತು ಹಾಫ್‌ಮನ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಬೆಳೆಗಳ ಉಪ್ಪು ತಾಳಿಕೆಯನ್ನು ಎರಡು ಅಂಕಿಗಳಲ್ಲಿ ಹಿಡಿದಿಟ್ಟರು. ಒಂದು, ಎಲ್ಲಿಯವರೆಗೆ ಇಳುವರಿ ಕುಗ್ಗುವುದಿಲ್ಲ ಎಂಬ ಮಿತಿ. ಇನ್ನೊಂದು, ಮಿತಿ ದಾಟಿದ ಮೇಲೆ ಪ್ರತಿ ಒಂದು ಅಂಕಕ್ಕೆ ಎಷ್ಟು ಇಳುವರಿ ಹೋಗುತ್ತದೆ ಎಂಬುದು. ಲೋಕದ ಎಲ್ಲೆಡೆ ಇಂದಿಗೂ ಬಳಕೆಯಲ್ಲಿರುವುದು ಅದೇ ಲೆಕ್ಕದ ಪಟ್ಟಿ. ನಮಗೆ ಬೇಕಾದಷ್ಟನ್ನು ಇಲ್ಲಿ ಕೊಟ್ಟಿದ್ದೇನೆ; ಮಿತಿ ಮೀಟರಿಗೆ ಡೆಸಿ ಸೀಮನ್ಸ್ ಲೆಕ್ಕದಲ್ಲಿ, ಹಿಂಡಿದ ರಸದ್ದು.

| ಬೆಳೆ | ಮಿತಿ | ಮಿತಿ ದಾಟಿದ ಪ್ರತಿ ಅಂಕಕ್ಕೆ ನಷ್ಟ |
|---|---|---|
| ಹತ್ತಿ | 7.7 | ಶೇ 5.2 |
| ಜೋಳ | 6.8 | ಶೇ 16 |
| ಶೇಂಗಾ | 3.2 | ಶೇ 29 |
| ಭತ್ತ | 3.0 | ಶೇ 12 |
| ಮೆಕ್ಕೆಜೋಳ | 1.7 | ಶೇ 12 |
| ಮೆಣಸಿನಕಾಯಿ | 1.5 | ಶೇ 14 |
| ಈರುಳ್ಳಿ | 1.2 | ಶೇ 16 |

ಎಲ್ಲರೂ ಮೊದಲ ಅಂಕಿ ನೋಡುತ್ತಾರೆ. ನಾನು ಎರಡನೆಯದನ್ನು ಹೆಚ್ಚು ನೋಡುತ್ತೇನೆ. ಲವಣಾಂಶ 8 ಇರುವ ಹೊಲ ಎಂದುಕೊಳ್ಳಿ. ಹತ್ತಿಗೆ ನಷ್ಟ ಶೇ 2ರಷ್ಟೂ ಇಲ್ಲ. ಜೋಳಕ್ಕೆ ಶೇ 19. ಭತ್ತಕ್ಕೆ ಶೇ 60. ಮೆಣಸಿನಕಾಯಿಗೆ ಶೇ 91, ಅಂದರೆ ಗಿಡ ನಿಂತಿರುತ್ತದೆ, ಬುಟ್ಟಿ ತುಂಬುವುದಿಲ್ಲ. ಶೇಂಗಾ ಅಷ್ಟರೊಳಗೆ ಪೂರ್ತಿ ಹೋಗಿರುತ್ತದೆ. ಈಗ ಅದೇ ಹೊಲ 10ಕ್ಕೆ ಏರಿತು ಅನ್ನಿ. ಹತ್ತಿ ಶೇ 12 ಕಳೆದುಕೊಳ್ಳುತ್ತದೆ, ಜೋಳ ಶೇ 51. ಹತ್ತಿ ಬಾಗುತ್ತದೆ, ಜೋಳ ಒಂದು ಹಂತದವರೆಗೆ ನೆಟ್ಟಗೆ ನಿಂತು ಆಮೇಲೆ ಮುರಿಯುತ್ತದೆ. ಉಪ್ಪು ಎಲ್ಲ ಕಡೆ ಒಂದೇ ಸಮ ಇರುವ ಹೊಲ ಇಲ್ಲವಾದ್ದರಿಂದ ಈ ವ್ಯತ್ಯಾಸ ದೊಡ್ಡದು. ಮೇಲ್ಮಡಿಯಲ್ಲಿ 5, ಬಸಿಗಾಲುವೆಯ ಪಕ್ಕದ ತಗ್ಗಿನಲ್ಲಿ 11 ಇದ್ದರೆ, ತಗ್ಗಿಗೆ ಹತ್ತಿ, ಮೇಲಕ್ಕೆ ಜೋಳ ಎಂದು ಒಂದೇ ಹೊಲವನ್ನು ಎರಡು ಮಾಡುವುದೇ ಲೇಸು.

ಹತ್ತಿಗೆ ಈ ಬಲ ಬಂದದ್ದು ಉಪ್ಪನ್ನು ಒಳಗೆ ಬಿಟ್ಟುಕೊಂಡರೂ ಕೆಲಸ ಮಾಡುವ ಜಾಗದಿಂದ ದೂರ ಇಡುವುದರಿಂದ. ಎಲೆಯ ಪ್ರತಿ ಜೀವಕೋಶದಲ್ಲಿ ಒಂದು ಉಗ್ರಾಣದಂಥ ಚೀಲವಿದೆ. ಸೋಡಿಯಂ ಅಲ್ಲಿ ಬಂದಿಯಾಗುತ್ತದೆ. ಆದರೆ ಇದು ಬೆಳೆದ ಗಿಡದ ಮಾತು. ಮೊಳಕೆಯ ಹತ್ತಿ ಉಪ್ಪಿಗೆ ಎಳೆಗೂಸಿನಷ್ಟೇ ನಾಜೂಕು. ನಮ್ಮ ಕಡೆ ‘ಸವಳಿಗೆ ಹತ್ತಿಯೂ ಬರಲಿಲ್ಲ’ ಎನ್ನುವವರಲ್ಲಿ ಬಹಳ ಜನರದ್ದು ಬೀಜ ಮೊಳೆಯದ ಕಥೆಯೇ. ಬೋದಿನ, ಅಂದರೆ ಸಾಲಿನ ಏರಿಯ, ನೆತ್ತಿಯ ಮೇಲೆ ಬೀಜ ಊರಬೇಡಿ. ನೀರು ಆವಿಯಾಗುತ್ತ ಉಪ್ಪು ನೆತ್ತಿಗೇ ಏರಿ ಕೂಡುತ್ತದೆ. ಬೋದಿನ ಮಗ್ಗುಲಲ್ಲಿ, ನೀರು ತಾಗುವ ಗೆರೆಗಿಂತ ತುಸು ಮೇಲೆ ಊರಿದರೆ ಮೊಳಕೆ ಉಳಿಯುತ್ತದೆ.

ಭತ್ತದ ವಿಚಾರ ಒಂದು ಒಗಟು. ಪಟ್ಟಿಯ ಪ್ರಕಾರ ಅದು ಉಪ್ಪಿಗೆ ದುರ್ಬಲ. ಆದರೂ ಸವಳು ಭೂಮಿಯನ್ನು ಹದಕ್ಕೆ ತರಲು ಹಿರಿಯರೂ ವಿಜ್ಞಾನಿಗಳೂ ಮೊದಲು ಹೇಳುವ ಬೆಳೆ ಭತ್ತವೇ. ಕಾರಣ ಭತ್ತದಲ್ಲಿಲ್ಲ, ಅದರ ಕಾಲ ಬುಡದ ನೀರಿನಲ್ಲಿದೆ. ನಿಂತ ನೀರು ಉಪ್ಪನ್ನು ತೆಳುವಾಗಿಸಿ ಕೆಳಗೆ ತಳ್ಳುತ್ತದೆ. ಕೆಳಗೆ ತಳ್ಳಿದ್ದು ಹೋಗಲು ಬಸಿಗಾಲುವೆ ಇದ್ದರೆ ಮದ್ದು, ಇಲ್ಲದಿದ್ದರೆ ಅಂತರ್ಜಲ ಏರಿ ಅದೇ ಉಪ್ಪು ಬೇಸಿಗೆಯಲ್ಲಿ ವಾಪಸು ಬರುತ್ತದೆ. ತುಂಗಭದ್ರಾ ಯೋಜನೆಯನ್ನು ರೂಪಿಸಿದಾಗ ಅಚ್ಚುಕಟ್ಟಿನ ಬಹುಪಾಲು ಅರೆ ನೀರಾವರಿ ಬೆಳೆಗೆ ಮೀಸಲಾಗಿತ್ತು. ಜೋಳ, ಹತ್ತಿ, ಶೇಂಗಾಕ್ಕೆ. ಮೇಲ್ಭಾಗದವರು ಭತ್ತಕ್ಕೆ ತಿರುಗಿದರು, ಅವರ ನೆಲ ಉಪ್ಪೇರಿ, ನೀರು ನಿಂತು ಸವಳು-ಜವಳಾಯಿತು, ಕೊನೆಭಾಗದವರ ತೂಬು ಒಣಗಿತು. ನಾನು ಕೊನೆಭಾಗದವನಾದ್ದರಿಂದ ಈ ಮಾತಿನಲ್ಲಿ ಸ್ವಲ್ಪ ಹೊಟ್ಟೆಯುರಿಯೂ ಇದೆ ಎಂದು ಓದಿಕೊಳ್ಳಿ. ನೀರು ಸಿಕ್ಕ ವರ್ಷ ನಾನೂ ಭತ್ತವನ್ನೇ ಹಚ್ಚಿದ್ದೇನೆ.

ಸವಳಿನಲ್ಲಿ ಭತ್ತವೇ ಬೇಕೆಂದರೆ ಅದರ ವಯಸ್ಸು ನೋಡಿ ನಡೆಯಬೇಕು. ಮೊಳಕೆಯಲ್ಲಿ ಅದು ಗಟ್ಟಿ, ಎರಡು ಮೂರು ಎಲೆಯ ಸಸಿಯಾಗಿರುವಾಗ ಬಹಳ ಸೂಕ್ಷ್ಮ, ಬುಡದಿಂದ ಕವಲು (ತೆಂಡೆ) ಒಡೆಯುವಾಗ ಮತ್ತೆ ಗಟ್ಟಿ, ಹೂವಿನಲ್ಲಿ ಮತ್ತೆ ಸೂಕ್ಷ್ಮ. ಅದಕ್ಕೇ ಸವಳಿನಲ್ಲಿ ನೇರವಾಗಿ ಬೀಜ ಬಿತ್ತುವ ಕೂರಿಗೆ ಭತ್ತ ಬೇಡ ಎನ್ನುತ್ತೇನೆ, ನೀರು ಎಷ್ಟೇ ಉಳಿದರೂ. ಒಳ್ಳೆಯ ಮಣ್ಣಿನ ಮಡಿಯಲ್ಲಿ ಸಸಿ ಬೆಳೆಸಿ, 30–35 ದಿನದ ಬಲಿತ ಸಸಿಯನ್ನು ಗುಣಿಗೆ ನಾಲ್ಕೈದರಂತೆ ನಾಟಿ ಮಾಡಿದರೆ ಆ ಸೂಕ್ಷ್ಮ ವಯಸ್ಸು ಮಡಿಯಲ್ಲೇ ಕಳೆದುಹೋಗುತ್ತದೆ. ಸತುವಿನ ಸಲ್ಫೇಟ್ ಮರೆಯಬಾರದು, ರಸಸಾರ ಏರಿದ ಮಣ್ಣಿನಲ್ಲಿ ಸತುವು ಇದ್ದೂ ಬೇರಿಗೆ ದಕ್ಕುವುದಿಲ್ಲ.

ತಳಿಯಲ್ಲಿ ಸೋನಾ ಮಸೂರಿಯ ಮೋಹ ಬಿಡುವುದು ಕಷ್ಟ. ಗಿರಣಿಯವರು ಕೇಳುವುದೂ ಅದನ್ನೇ. ಅದು ಒಳ್ಳೆಯ ಮಣ್ಣಿನ ತಳಿ. ಸವಳಿಗಾಗಿಯೇ ಬೆಳೆಸಿದ ತಳಿಗಳೆಂದರೆ ಹರಿಯಾಣದ ಕರ್ನಾಲ್‌ನಲ್ಲಿರುವ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ಸಿ.ಎಸ್.ಆರ್. ಸಾಲಿನವು: ಸಿ.ಎಸ್.ಆರ್. 22, ಸಿ.ಎಸ್.ಆರ್. 36 ಮುಂತಾದವು. ಕಾಳಿನ ನಯದಲ್ಲಿ ಸೋನಾಕ್ಕೆ ಸಮವಲ್ಲ, ಆದರೆ ಅರ್ಧ ಚೀಲ ಸೋನಾಕ್ಕಿಂತ ತುಂಬಿದ ಚೀಲ ಸಿ.ಎಸ್.ಆರ್. ಮೇಲು. ಸವಳು ಭೂಮಿಯ ಪ್ರಯೋಗಗಳಿಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ನಮಗೆ ಹತ್ತಿರ. ಬೀಜ ತರುವ ಮೊದಲು ಅಲ್ಲಿನ ತಾಕುಗಳನ್ನು ಕಣ್ಣಾರೆ ನೋಡಿ ಬನ್ನಿ.

ನೀರಿನ ಭರವಸೆ ಇಲ್ಲದೆ ಭತ್ತಕ್ಕೆ ಕೈಹಾಕುವುದು ಜೂಜು. ಎಕರೆ ಭತ್ತಕ್ಕೆ 1,200 ಮಿಲಿಮೀಟರ್ ನೀರು ಎಂದರೆ ಸುಮಾರು 48 ಲಕ್ಷ ಲೀಟರ್. ಜೋಳ ಅದರ ಮೂರನೇ ಒಂದು ಪಾಲಿನಷ್ಟರಲ್ಲಿ ಮುಗಿಸುತ್ತದೆ. ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ ಅಡಿ. ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಆಗತಾನೆ ನಾಟಿ ಮುಗಿಸಿದ್ದ ನಾವೆಲ್ಲ ರಾತ್ರಿ ನಿದ್ದೆ ಮಾಡಲಿಲ್ಲ. ವಾರದಲ್ಲಿ ತಾತ್ಕಾಲಿಕ ಗೇಟು ಕೂತಿತು, ಆಮೇಲಿನ ಮಳೆ ಕೈಹಿಡಿಯಿತು. ಅಂಥ ಅದೃಷ್ಟವನ್ನು ಬೆಳೆ ಯೋಜನೆಯಲ್ಲಿ ಬರೆದುಕೊಳ್ಳಲಾಗದು.

ಜವಳಿನಲ್ಲಿ

ಜವಳು ಎಂದರೆ ನೀರು ನಿಂತ ನೆಲ. ಇಲ್ಲಿ ಹೋಲಿಕೆ ಚಿಕ್ಕದು. ಭತ್ತದ ಕಾಂಡ, ಬೇರುಗಳಲ್ಲಿ ಗಾಳಿಯ ಕೊಳವೆಗಳಿವೆ. ಎಲೆ ಎಳೆದ ಉಸಿರು ಬೇರಿಗೆ ತಲುಪುತ್ತದೆ. ತೊಗರಿ, ಕಡಲೆ, ಕುಸುಬೆ, ಹತ್ತಿಗೆ ಆ ಸೌಕರ್ಯವಿಲ್ಲ. ನೀರು ನಿಂತು ಒಂದೆರಡು ದಿನದಲ್ಲಿ ಬೇರಿನ ಉಸಿರು ಕಟ್ಟುತ್ತದೆ. ತೊಗರಿ ಬರಕ್ಕೆ ಶೂರ, ನೀರಿಗೆ ಹೇಡಿ. 2009ರ ಸೆಪ್ಟೆಂಬರ್ ಕೊನೆಯ ಆ ಮಹಾಮಳೆ ಕಂಡವರಿಗೆ ಇದನ್ನು ಹೇಳಬೇಕಿಲ್ಲ. ಜೋಳ ಭತ್ತ, ತೊಗರಿ ಎರಡರ ನಡುವೆ: ಎದೆಮಟ್ಟ ಬೆಳೆದ ಮೇಲೆ ನಾಲ್ಕು ದಿನ ನೀರಲ್ಲಿ ನಿಂತರೂ ಚೇತರಿಸಿಕೊಳ್ಳುತ್ತದೆ. ಹತ್ತಿಯಲ್ಲಿ ಒಂದು ವಿಚಿತ್ರವಿದೆ. ಬಹಳ ದಿನ ಒಣಗಿದ ಹೊಲಕ್ಕೆ ಒಮ್ಮೆಲೇ ಜೋರು ಮಳೆ ಬಿದ್ದು ಮರುದಿನ ಬಿಸಿಲು ಕಾದರೆ, ಕಾಯಿ ತುಂಬಿದ ಗಿಡಗಳು ಒಂದೆರಡು ದಿನದಲ್ಲಿ ಜೋತುಬೀಳುತ್ತವೆ. ಸೊರಗು ರೋಗವೆಂದು ಔಷಧಿ ಹೊಡೆಯಲು ಓಡುವ ಮೊದಲು ಸಾಲು ಬಿಡಿಸಿ ನೀರು ಹೊರಹಾಕಿ. ಅದು ಬೇರು ಉಸಿರುಗಟ್ಟಿದ್ದು.

ಮಸಾರಿಯ ಬರದಲ್ಲಿ: ಸಜ್ಜೆ, ಮೆಕ್ಕೆಜೋಳ, ತೊಗರಿ, ನವಣೆ

ಕುಷ್ಟಗಿ, ಯಲಬುರ್ಗಾ ಕಡೆ ಸಜ್ಜೆಯ ಜಾಗಕ್ಕೆ ಮೆಕ್ಕೆಜೋಳ ಬಂದು ಕುಳಿತಿದೆ. ಒಳ್ಳೆಯ ವರ್ಷದಲ್ಲಿ ಅದರ ಇಳುವರಿಯ ಮುಂದೆ ಸಜ್ಜೆ ನಾಚಬೇಕು. ಆದರೆ ಮಸಾರಿಯಲ್ಲಿ ಒಳ್ಳೆಯ ವರ್ಷ ಎಷ್ಟು ಬರುತ್ತವೆ?

2023ರಲ್ಲಿ ನನ್ನ ನಾಲ್ಕು ಎಕರೆಯಲ್ಲಿ ಎರಡು ಮೆಕ್ಕೆಜೋಳ, ಉಳಿದೆರಡರಲ್ಲಿ ಸಜ್ಜೆ ಮತ್ತು ತೊಗರಿ ಇದ್ದವು. ಜೂನ್ ಮಧ್ಯದ ಬಿತ್ತನೆ, ಆಗಸ್ಟಿನಲ್ಲಿ ಸೂಲಂಗಿ, ಅಂದರೆ ಹೂ ಹೊರಬರುವ ಹೊತ್ತು. ಆ ಆಗಸ್ಟ್ 1901ರಿಂದ ಈಚೆಗೆ ದೇಶದಲ್ಲೇ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್. ಮೆಕ್ಕೆಜೋಳದಲ್ಲಿ ಗಂಡು ಹೂ ನೆತ್ತಿಯಲ್ಲಿ, ಹೆಣ್ಣು ಹೂ ಮಗ್ಗುಲಲ್ಲಿ. ನೀರು ಸಾಲದಿದ್ದರೆ ಪರಾಗ ಸಮಯಕ್ಕೆ ಸರಿಯಾಗಿ ಉದುರುತ್ತದೆ, ರೇಷ್ಮೆಯೆಳೆ ಮಾತ್ರ ತಡವಾಗಿ ಹೊರಬರುತ್ತದೆ. ಮದುವೆಯ ಮುಹೂರ್ತ ಮುಗಿದ ಮೇಲೆ ಹೆಣ್ಣಿನ ಕಡೆಯವರ ಗಾಡಿ ಬಂದಂತೆ. ಗಿಡಗಳು ತಲೆಯೆತ್ತರ ನಿಂತಿದ್ದವು, ತೆನೆ ಸುಲಿದರೆ ಅಲ್ಲೊಂದು ಇಲ್ಲೊಂದು ಕಾಳು. ಅವು ಬರವನ್ನು ತಾಳಿದವು, ನಿಜ. ದನಗಳಿಗೆ ಮೇವಾಯಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು, ನಮ್ಮದೂ ಅದರಲ್ಲಿತ್ತು.

ಪಕ್ಕದ ಸಜ್ಜೆಯ ಮೊದಲ ತೆನೆಗಳೂ ಬಡಕಲಾಗಿದ್ದವು. ಆದರೆ ಸಜ್ಜೆ ಬುಡದಿಂದ ಒಂದರ ಹಿಂದೊಂದು ಕವಲು ಒಡೆಯುತ್ತದೆ. ಹಿಂದೆ ಬಂದ ಕವಲುಗಳಿಗೆ ಸೆಪ್ಟೆಂಬರಿನ ಹನಿಗಳು ಸಿಕ್ಕವು. ಒಟ್ಟು ಇಳುವರಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಂತು. ಅರ್ಧ ಎಂದರೆ ಸೊನ್ನೆಯಲ್ಲ. ತೊಗರಿಗೆ ಆ ಆಗಸ್ಟ್ ಲೆಕ್ಕಕ್ಕೇ ಬರಲಿಲ್ಲ. ಅದರ ಹೂವಿನ ಕಾಲ ಇನ್ನೂ ಎರಡು ತಿಂಗಳು ದೂರವಿತ್ತು, ಬೇರು ಇಳಿಸುತ್ತ ಕಾದಿತ್ತು.

ಆದ್ದರಿಂದ ಬೀಜ ಕೊಳ್ಳುವಾಗ ನಾನು ಕೇಳುವ ಮೊದಲ ಪ್ರಶ್ನೆ ಬದಲಾಗಿದೆ: ಇದು ಒಂದೇ ಸಲ ಹೂ ಬಿಡುವ ಬೆಳೆಯೋ, ಮತ್ತೆ ಮತ್ತೆ ಬಿಡುವ ಬೆಳೆಯೋ? ಮೆಕ್ಕೆಜೋಳ, ಸೂರ್ಯಕಾಂತಿ ಒಂದೇ ಸಲದವು. ಆ ಎರಡು ವಾರ ತಪ್ಪಿದರೆ ವರ್ಷ ತಪ್ಪಿತು. ಕೊಳವೆಬಾವಿಯಿಂದ ಆ ಎರಡು ವಾರಕ್ಕಾದರೂ ನೀರು ಕೊಡಬಲ್ಲವರು ಮೆಕ್ಕೆಜೋಳ ಧೈರ್ಯವಾಗಿ ಬೆಳೆಯಬಹುದು. ಬರೀ ಮುಗಿಲು ನೋಡುವವರು ಎರಡು ಸಾಲು ಸಜ್ಜೆಗೆ ಒಂದು ಸಾಲು ತೊಗರಿ ಇಡುವುದೇ ವಾಸಿ. ಎರಡರ ಕಷ್ಟಕಾಲ ಬೇರೆ ಬೇರೆ ತಿಂಗಳಲ್ಲಿ ಬೀಳುತ್ತದೆ. ಹಿರಿಯರು ಮುಖ್ಯ ಬೆಳೆಯ ನಡುವೆ ಬೇರೆ ಬೆಳೆ ಇಡುತ್ತಿದ್ದ ಅಕ್ಕಡಿ ಸಾಲಿನಲ್ಲಿ ಇದ್ದದ್ದು ಇದೇ ಲೆಕ್ಕ. ಸಜ್ಜೆಗೂ ಒಂದು ದೌರ್ಬಲ್ಯವಿದೆ: ಹೂವಿನಲ್ಲಿರುವಾಗ ಜಿಟಿಜಿಟಿ ಮಳೆ ಹಿಡಿದರೆ ಪರಾಗ ತೊಳೆದು ಹೋಗುತ್ತದೆ, ತೆನೆಯಿಂದ ಜೇನಿನಂಥ ಅಂಟು ಸುರಿಯುವ ರೋಗ ಬರುತ್ತದೆ.

ನವಣೆಗೆ ನಾನು ಕೊಡುವ ಜಾಗ ತಡವಾದ ಮುಂಗಾರಿನದು. ಆರಿದ್ರ, ಪುನರ್ವಸು ಮಳೆ ಎರಡೂ ಕೈಕೊಟ್ಟು ಜುಲೈ ಕೊನೆಯ ಪುಷ್ಯಕ್ಕೆ ಹದ ಸಿಕ್ಕಿತೆಂದರೆ ಆಗ 80–90 ದಿನದ ನವಣೆ. ಶೇಂಗಾ ಮೊದಲ ತಿಂಗಳ ಬಾಡಿಕೆಯನ್ನು ನಗುತ್ತ ತಡೆಯುತ್ತದೆ, ಆಮೇಲೆ ಹೂವಿನಿಂದ ಇಳಿಯುವ ಮೊಳೆ ನೆಲಕ್ಕೆ ಚುಚ್ಚುವಾಗ ಮೇಲ್ಮಣ್ಣು ಗಟ್ಟಿಯಾಗಿದ್ದರೆ ಕಾಯಿಯೇ ಇಲ್ಲ.

ದನ ಇರುವವರಿಗೆ ಒಂದು ಎಚ್ಚರಿಕೆ. ಬರದಲ್ಲಿ ಬಾಡಿ ನಿಂತ ಎಳೆಯ ಜೋಳದಲ್ಲಿ, ಕೊಯ್ದ ಬುಡದಿಂದ ಮಳೆ ಬಿದ್ದು ಹೊಸದಾಗಿ ಚಿಗುರಿದ ಕೂಳೆಯಲ್ಲಿ ಸಯನೈಡ್ ಆಗುವ ವಿಷಾಂಶ ಹೆಚ್ಚಿರುತ್ತದೆ. ಬೆಳೆ ಹೇಗೂ ಹೋಯಿತೆಂದು ಎತ್ತುಗಳನ್ನು ಅದರೊಳಗೆ ಬಿಡಬೇಡಿ.

ಎರೆಯ ಹಿಂಗಾರಿಗೆ: ಜೋಳ, ಕಡಲೆ, ಕುಸುಬೆ

ಮಳೆಗಾಲ ಮುಗಿದ ಮೇಲೆ ಎರೆ ಒಂದು ಹಗೇವಿನಂತೆ, ಅಂದರೆ ಕಾಳು ತುಂಬಿಡುವ ನೆಲದ ಗುಂಡಿಯಂತೆ. ಮೀಟರು ಆಳದ ಎರೆಯಲ್ಲಿ ಬೆಳೆಗೆ ದಕ್ಕುವ ನೀರು 150ರಿಂದ 200 ಮಿಲಿಮೀಟರಿನಷ್ಟು ಇರುತ್ತದೆ. ಹಿಂಗಾರಿ ಬೆಳೆ ಎಂದರೆ ಆ ಹಗೇವಿನಿಂದ ದಿನಾ ತೆಗೆದು ಉಣ್ಣುವ ಲೆಕ್ಕ. ಬಿತ್ತುವ ಮೊದಲು ಒಂದು ಕಬ್ಬಿಣದ ಸಲಾಕೆ ಒತ್ತಿ ನೋಡಿ. ಮೂರು ಅಡಿ ಸಲೀಸಾಗಿ ಇಳಿದರೆ ಜೋಳ, ಎರಡು ಅಡಿಯಾದರೆ ಕಡಲೆ.

ಬಿಳಿಜೋಳದಲ್ಲಿ ಮಾಲ್ದಂಡಿ ಎಂದು ಕರೆಯುವ ಎಂ. 35-1 ಹತ್ತಾರು ವರ್ಷಗಳಿಂದ ನಿಂತಿರುವುದು ರೊಟ್ಟಿಯ ರುಚಿಗೆ ಮಾತ್ರವಲ್ಲ, ದನದ ಮೇವಾಗುವ ಕಣಿಕೆಯ ಸಲುವಾಗಿಯೂ. ಸೆಪ್ಟೆಂಬರ್–ಅಕ್ಟೋಬರಿನ ಉತ್ತರೆ, ಹಸ್ತ ಮಳೆಯಲ್ಲಿ ಬಿತ್ತಿದರೆ ನಾಲ್ಕು ತಿಂಗಳು. ಕೊನೆಯ ತಿಂಗಳಲ್ಲಿ ಹಗೇವು ಬರಿದಾದರೆ ಗಿಡ ತನ್ನ ಕಾಂಡದ ಸಾರವನ್ನೇ ತೆನೆಗೆ ಕಳಿಸುತ್ತದೆ. ಸೊರಗಿದ ಕಾಂಡಕ್ಕೆ ಒಳಗೆ ಇದ್ದಿಲ ಪುಡಿಯಂತೆ ಕಪ್ಪಾಗುವ ಕೊಳೆರೋಗ ಹತ್ತಿ, ಒಂದು ಬೆಳಗ್ಗೆ ಹೊಲವೇ ಮಲಗಿರುತ್ತದೆ. ದಟ್ಟವಾಗಿ ಬಿತ್ತಿದ ಜೋಳ ಹೀಗೆ ಮಲಗುವುದು ಹೆಚ್ಚು. ಉಣ್ಣುವ ಬಾಯಿ ಹೆಚ್ಚಿದಷ್ಟೂ ಹಗೇವು ಬೇಗ ಮುಗಿಯುತ್ತದೆ.

ಕಡಲೆ ಇಬ್ಬನಿಗೆ ಬೆಳೆಯುತ್ತದೆ ಎನ್ನುತ್ತಾರೆ. ಅದು ಕುಡಿಯುವುದು ಎರೆಯೊಳಗಿನ ಹಸಿಯನ್ನೇ. ಚಳಿಗೆ ಆವಿ ಕಡಿಮೆಯಾಗಿ ಹಸಿ ಬಹಳ ದಿನ ಬರುತ್ತದೆ, ಅಷ್ಟೆ. ಅಕ್ಟೋಬರ್ ನಡುವಿನ ಚಿತ್ತೆ ಮಳೆಯಲ್ಲಿ ಬಿತ್ತಿದ ಜೆ.ಜಿ. 11 ತಳಿ ನೂರು ದಿನದೊಳಗೆ ಕಟಾವಿಗೆ ಬರುತ್ತದೆ. ನವೆಂಬರ್ ಕೊನೆಗೆ ತಳ್ಳಿದರೆ ಕೊನೆಯ ಹೂವು, ಕಾಯಿ ಫೆಬ್ರುವರಿಯ ಬಿಸಿಲಿಗೆ ಸಿಗುತ್ತವೆ. ಹಗಲು 35 ಡಿಗ್ರಿ ದಾಟಿದ ಮೇಲೆ ಕಡಲೆ ಹೂವು ಕಾಯಿಯಾಗುವುದು ಕುಸಿಯುತ್ತದೆ. ಸವಳಿಗೆ ಕಡಲೆಯನ್ನು ಒಯ್ಯಲೇಬೇಡಿ, ಉಪ್ಪಿನ ಮುಂದೆ ಇಷ್ಟು ಬೇಗ ಸೋಲುವ ಹಿಂಗಾರಿ ಬೆಳೆ ಮತ್ತೊಂದಿಲ್ಲ.

ಕುಸುಬೆಯನ್ನು ನಾವು ಅನ್ಯಾಯವಾಗಿ ಕೈಬಿಟ್ಟಿದ್ದೇವೆ ಎಂಬುದು ನನ್ನ ಎಣಿಕೆ. ಅದರ ತಾಯಿಬೇರು ಎರಡು ಮೀಟರು ದಾಟಿ ಇಳಿಯುತ್ತದೆ. ಎರೆ ಬಿರುಕು ಬಿಟ್ಟು ಜೋಳದ ಬೇರು ಹರಿದುಕೊಂಡಾಗಲೂ ಕುಸುಬೆ ಹಳದಿ ಹೂ ಅರಳಿಸಿ ನಿಂತಿರುತ್ತದೆ. ಸಾಧಾರಣ ಸವಳನ್ನೂ ಸಹಿಸುತ್ತದೆ. ಮೊದಲು ಜೋಳದ ಹೊಲದ ಸುತ್ತ ನಾಲ್ಕು ಸಾಲು ಕುಸುಬೆ ಇರುತ್ತಿತ್ತು, ಮುಳ್ಳಿಗೆ ಹೆದರಿ ದನ ಒಳಗೆ ಬರುತ್ತಿರಲಿಲ್ಲ. ಅದೇ ಮುಳ್ಳಿಗೆ ಹೆದರಿ ಈಗ ಕೊಯ್ಯುವ ಆಳುಗಳು ಬರುವುದಿಲ್ಲ. ಕೊಯ್ಲು ಯಂತ್ರ ನಿಮ್ಮ ಊರಿಗೆ ಬರುವುದಾದರೆ, ನೀರಿನ ಆಸೆಯಿಲ್ಲದ ಅರೆಸವಳು ಎರೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಹೇಳಲಾರೆ.

ಬಿಸಿಲಿಗೆ, ಮತ್ತು ತೋಟಕ್ಕೆ

ಬೇಸಿಗೆ ಭತ್ತದವರು ಮುಖ್ಯವಾಗಿ ಲೆಕ್ಕ ಹಾಕಬೇಕಾದದ್ದು ಹೂವಿನ ದಿನ. ಭತ್ತದ ಹೂ ತೆರೆಯುವುದು ಬೆಳಗಿನ ಒಂದೆರಡು ಗಂಟೆ ಮಾತ್ರ. ಆ ಹೊತ್ತಿನಲ್ಲಿ 35 ಡಿಗ್ರಿ ಮೀರಿದರೆ ಪರಾಗ ಬಲಗುಂದಿ ಜೊಳ್ಳು ಹೆಚ್ಚುತ್ತದೆ. ಡಿಸೆಂಬರಿನಲ್ಲಿ ಸಸಿ ಮಡಿ ಹಾಕಿದವರ ಭತ್ತ ಮಾರ್ಚಿನಲ್ಲಿ ಹೂವಾಗುತ್ತದೆ. ಕಾಲುವೆ ನೀರಿಗೆ ಕಾದು ತಡಮಾಡಿದವರದ್ದು ಏಪ್ರಿಲ್ ಬೆಂಕಿಯಲ್ಲಿ. ತಡವಾಯಿತೆಂದರೆ ಭತ್ತ ಬಿಟ್ಟು ಸಜ್ಜೆಗೆ ಹೋಗಿ, ಅದು 40 ಡಿಗ್ರಿ ದಾಟಿದರೂ ಕಾಳು ಕಟ್ಟುತ್ತದೆ.

ಕೊಪ್ಪಳದ ಮಸಾರಿಗೆ ದಾಳಿಂಬೆ ಒಗ್ಗಿದೆ, ಬರವನ್ನೂ ಅಲ್ಪಸ್ವಲ್ಪ ಉಪ್ಪನ್ನೂ ತಾಳುತ್ತದೆ. ಗಿಡ ತಾಳಿದರೂ ಹಣ್ಣು ತಾಳುವುದಿಲ್ಲ: ನೀರು ಒಂದು ವಾರ ಕಡಿಮೆ, ಮರುವಾರ ಹೆಚ್ಚು ಆದರೆ ಹಣ್ಣು ಬಿರಿಯುತ್ತದೆ, ಮೋಡ ಕವಿದ ಮಳೆಯಲ್ಲಿ ದುಂಡಾಣು ಅಂಗಮಾರಿ ಅಂಟುತ್ತದೆ. ಬಂಡವಾಳ ಕಡಿಮೆ ಇರುವವರಿಗೆ ಬಾರೆ (ಎಲಚಿ), ಸೀತಾಫಲ, ಹುಣಸೆ ಇವೆ. ಬಾರೆ ಬರ ಮತ್ತು ಉಪ್ಪು ಎರಡನ್ನೂ ಸಹಿಸುವ ಅಪರೂಪದ ಹಣ್ಣಿನ ಗಿಡ.

ಈ ವರ್ಷದ ನನ್ನ ಹಂಚಿಕೆ ಹೀಗಿದೆ. ಮಸಾರಿಯಲ್ಲಿ ಸಜ್ಜೆ ಮತ್ತು ತೊಗರಿ; ಮೆಕ್ಕೆಜೋಳ ಮಾತ್ರ ಇಲ್ಲ. ಸಿಂಧನೂರಿನ ಮೇಲ್ಮಡಿ ಮೂರು ಎಕರೆಗೆ ಹೆಸರುಕಾಳು ಬೆಳೆದು, ಆಮೇಲೆ ಹಿಂಗಾರಿ ಜೋಳ. ಬಸಿಗಾಲುವೆ ಪಕ್ಕದ ಎರಡೂವರೆ ಎಕರೆಗೆ ಜುಲೈ ಕೊನೆಯೊಳಗೆ ತೂಬಿನಲ್ಲಿ ಗೇಜ್ (ನೀರಿನ ಮಟ್ಟ) ನಿಂತರೆ ಸಿ.ಎಸ್.ಆರ್. ಭತ್ತ. ನೀರಿನ ದಾರಿ ಕಾಯುತ್ತ ಹತ್ತಿಯ ಕಾಲ ಕಳೆದುಹೋಗುವುದರಿಂದ, ಗೇಜ್ ನಿಲ್ಲದಿದ್ದರೆ ಅಲ್ಲಿಗೆ ಹಿಂಗಾರಿಯಲ್ಲಿ ಕುಸುಬೆ.

ಉಳಿದ ಅರ್ಧ ಎಕರೆ ತಗ್ಗಿನಲ್ಲಿ ಕ್ಷಾರವೂ ಸೇರಿ ಏನೂ ಬರುತ್ತಿರಲಿಲ್ಲ. ಏಳೆಂಟು ವರ್ಷದಿಂದ ಅಲ್ಲಿ ಬಳ್ಳಾರಿ ಜಾಲಿ ತಾನಾಗಿ ಬೆಳೆದಿದೆ. ಮಗ ಜೆಸಿಬಿ ತರಿಸಿ ಕೀಳಿಸೋಣ ಎನ್ನುತ್ತಾನೆ. ಕರ್ನಾಲ್‌ನವರ ಪ್ರಯೋಗಗಳಲ್ಲಿ ಕ್ಷಾರ ನೆಲದ ಮೇಲೆ ವರ್ಷಗಟ್ಟಲೆ ನಿಂತ ಈ ಜಾಲಿಯೇ ಎಲೆ ಉದುರಿಸಿ, ಬೇರಿಳಿಸಿ, ಮಣ್ಣಿನ ರಸಸಾರ ಇಳಿಸಿದ್ದುಂಟು. ಸ್ವಲ್ಪ ತಡಿ ಎಂದಿದ್ದೇನೆ. ಜಾಲಿಯ ನೆರಳಿನ ಕೆಳಗಿನಿಂದ ಒಂದು ಚೀಲ, ಹತ್ತು ಹೆಜ್ಜೆ ಆಚೆಯ ಬೋಳು ನೆಲದಿಂದ ಒಂದು ಚೀಲ ಮಣ್ಣು ತೆಗೆದು, ಗುರುತು ಬರೆದು ಜಗಲಿಯ ಮೇಲೆ ಇಟ್ಟಿದ್ದೇನೆ. ಸೋಮವಾರ ಪ್ರಯೋಗಾಲಯಕ್ಕೆ ಒಯ್ಯಬೇಕು.